ಸಂಗಮದಲ್ಲಿ ಸೂಜಿ

ಸಂಗಮ ಎಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಒದ್ದೆ ಸೀರೆ, ಜಾರುವ ಮೆಟ್ಟಿಲು, ಹಣ್ಣುಕಾಯಿ ಹಿಡಿದು ಬೆನ್ನು ಹತ್ತುವ ಹುಡುಗರು. ಅಪ್ಪನ ಅಸ್ಥಿ ಬಿಟ್ಟಿದ್ದು ಶ್ರೀರಂಗಪಟ್ಟಣದ ಸಂಗಮದಲ್ಲಿ. ಕೂಡಲಸಂಗಮಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ. ಹಾಗಾಗಿ ಜ್ಯೂರಿಕ್‌ನಲ್ಲಿರುವ ಮಗಳು "ಅಮ್ಮ, ಇಲ್ಲೂ ಒಂದು ಸಂಗಮ ಇದೆ, ಸ್ಟೇಷನ್ ಹಿಂದೇನೇ" ಅಂದಾಗ ಆಲ್ಪ್ಸ್ ನೋಡುವುದಕ್ಕಿಂತ ನನಗೆ ಅದೇ ಆಸೆಯಾಯಿತು. ಅದಕ್ಕೆ ಟಿಕೆಟ್ ಇಲ್ಲ ಎನ್ನುವುದೂ ಒಂದು ಕಾರಣ. ಆ ಊರಿನಲ್ಲಿ ಒಂದು ಕಾಫಿಯ ದುಡ್ಡನ್ನು ರೂಪಾಯಿಗೆ ಲೆಕ್ಕ ಹಾಕಿದರೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ.

ಮುಖ್ಯ ರೈಲ್ವೆ ನಿಲ್ದಾಣದ ದೊಡ್ಡ ಹಜಾರದಲ್ಲಿ, ತಲೆಯ ಮೇಲೆ, ಬಣ್ಣಬಣ್ಣದ ಈಜುಡುಗೆ ತೊಟ್ಟ ಒಬ್ಬ ದಢೂತಿ ಹೆಂಗಸು ರೆಕ್ಕೆ ಬಿಚ್ಚಿ ತೂಗಾಡುತ್ತಾಳೆ. ನಿಕಿ ದ ಸಾನ್ ಫಾಲ್ ಎಂಬ ಕಲಾವಿದೆ ಮಾಡಿದ ಕಾವಲು ದೇವತೆ ಅದು. ಊರ ಬಾಗಿಲಿನ ಮಾರಮ್ಮ ಅಂದುಕೊಂಡು ಮನಸ್ಸಿನಲ್ಲೇ ಕೈ ಮುಗಿದೆ. ಹಿಂಬದಿಗೆ ಹೊರಬಿದ್ದರೆ ಎದುರಿಗೆ ಕೋಟೆಯಂಥ ರಾಷ್ಟ್ರೀಯ ವಸ್ತು ಸಂಗ್ರಹಾಲಯ. ಅದರ ಬೆನ್ನಿಗೆ ಒಂದು ಪಾರ್ಕು, ಮೊನೆ ಮಾಡಿದ ಸೀಸದ ಕಡ್ಡಿಯ ಹಾಗೆ ಮುಂದಕ್ಕೆ ಹೋಗಿ ಚೂಪಾಗುತ್ತದೆ. ಬಲಗಡೆ ಸರೋವರದಿಂದ ಬರುವ ಲಿಮ್ಮಾಟ್, ತಿಳಿಹಸಿರು. ಎಡಗಡೆ ಸೀಲ್, ಬೆಟ್ಟದಿಂದ ಇಳಿದು, ರೈಲ್ವೆ ಪ್ಲಾಟ್‌ಫಾರ್ಮುಗಳ ಅಡಿಯಲ್ಲೇ ನುಸುಳಿ ಬರುವ ನದಿ. ಆ ಚೂಪಿನಲ್ಲಿ ಎರಡೂ ಸೇರುತ್ತವೆ. ಪಾರ್ಕಿನ ಹೆಸರು ಪ್ಲಾಟ್ಸ್‌ಸ್ಪಿಟ್ಸ್. ಗುಡಿಯಿಲ್ಲ, ಪುರೋಹಿತರಿಲ್ಲ. ಹಳೇ ಮರಗಳು, ಬೆಂಚುಗಳು, 1883ರ ರಾಷ್ಟ್ರೀಯ ಪ್ರದರ್ಶನದ ಕಾಲದ ಒಂದು ಸಂಗೀತ ಮಂಟಪ. ಜೇಮ್ಸ್ ಜಾಯ್ಸ್‌ಗೆ ಈ ಜಾಗ ಬಹಳ ಇಷ್ಟವಾಗಿತ್ತಂತೆ. ಇರಬೇಕು, ಬರೆಯುವವರಿಗೆ ಎರಡು ನೀರು ಬೆರೆಯುವುದನ್ನು ಸುಮ್ಮನೆ ನೋಡುತ್ತ ಕೂರುವುದೂ ಕೆಲಸವೇ.

ಮಧ್ಯಾಹ್ನದ ಹೊತ್ತು. ಬುತ್ತಿಯಲ್ಲಿ ಚಪಾತಿ, ಹುರುಳಿಕಾಯಿ ಪಲ್ಯ. ಊಟಕ್ಕೆ ಮುಂಚೆ ನನ್ನದೊಂದು ನೇಮವಿದೆ. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಆರು ವರ್ಷದಿಂದ ಇನ್ಸುಲಿನ್. ಬೆಂಚಿನ ಮೇಲೆ ಕೂತು, ಶಾಲು ಮುಂದಕ್ಕೆಳೆದು, ಪೆನ್ನಿಗೆ ಸೂಜಿ ತಿರುಗಿಸಿ, ಹೊಟ್ಟೆಯ ಪಕ್ಕಕ್ಕೆ ಚುಚ್ಚಿ, ಹತ್ತು ಎಣಿಸಿ ತೆಗೆದೆ. ಸೂಜಿಯನ್ನು ಬಿಚ್ಚಿ ಚೀಲದಲ್ಲಿದ್ದ ಚ್ಯವನಪ್ರಾಶದ ಖಾಲಿ ಡಬ್ಬಿಗೆ ಹಾಕುವಷ್ಟರಲ್ಲಿ ತಲೆ ಎತ್ತಿದರೆ ಮಗಳ ಮುಖ ವಿಚಿತ್ರವಾಗಿತ್ತು.

"ಏನೇ?"

"ಏನಿಲ್ಲಮ್ಮ. ಈ ಬೆಂಚಲ್ಲಿ ಕೂತು ಸೂಜಿ ಚುಚ್ಕೋತಿದೀಯಲ್ಲ, ಅದಕ್ಕೇ. ಇದು ಯಾವ ಜಾಗ ಗೊತ್ತಾ?"

ಗೊತ್ತಿರಲಿಲ್ಲ. ಅಲ್ಲಿ ಯಾವ ಫಲಕವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಬ್ಬ ತಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾತುಕೋಳಿ ತೋರಿಸುತ್ತಿದ್ದ. ಆಫೀಸಿನವರು ಬೂಟು ಕಳಚಿ ಹುಲ್ಲಿನ ಮೇಲೆ ಊಟ ಮಾಡುತ್ತಿದ್ದರು. ಮಗಳ ಆಫೀಸಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸಿದ್ದಾಳೆ, ಈ ಊರಲ್ಲೇ ಹುಟ್ಟಿದವಳು. ಆಕೆ ಇವತ್ತಿಗೂ ಈ ಪಾರ್ಕಿನೊಳಗೆ ಕಾಲಿಡುವುದಿಲ್ಲವಂತೆ. ಶಾಲೆಗೆ ಹೋಗುವಾಗ ಈ ಕಡೆ ತಿರುಗಿಯೂ ನೋಡಬಾರದು ಎಂದು ಅವಳಮ್ಮ ಕಟ್ಟಪ್ಪಣೆ ಮಾಡಿದ್ದಳಂತೆ.

ಎಂಬತ್ತರ ದಶಕದ ಕೊನೆಯಲ್ಲಿ ಇದು ಯೂರೋಪಿಗೆಲ್ಲ ಹೆಸರಾಗಿದ್ದ 'ಸೂಜಿ ಪಾರ್ಕು'. ಊರ ತುಂಬ ಹರಡಿದ್ದ ಹೆರಾಯಿನ್ ವ್ಯಸನಿಗಳನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಿಸಿ ಓಡಿಸಿ ಸುಸ್ತಾದ ಆಡಳಿತ 1987ರ ಹೊತ್ತಿಗೆ ಇಲ್ಲಿರಲಿ ಎಂದು ಸುಮ್ಮನಾಯಿತು. ದಿನಕ್ಕೆ ಎರಡು ಮೂರು ಸಾವಿರ ಜನ ಬರುತ್ತಿದ್ದ ಕಾಲವೂ ಇತ್ತು. ಇದೇ ಮರದಡಿ, ಇದೇ ಮಂಟಪದಲ್ಲಿ ಕೊಳ್ಳುವುದು, ಚುಚ್ಚಿಕೊಳ್ಳುವುದು, ಕೆಲವರು ಅಲ್ಲೇ ಒರಗಿ ಮತ್ತೆ ಏಳದಿರುವುದು. ಬ್ಯಾಂಕುಗಳ ಊರಿನ ನಟ್ಟನಡುವೆ, ಗಂಟೆಗೆ ಸರಿಯಾಗಿ ಬಿಡುವ ರೈಲುಗಳ ಬೆನ್ನಿಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನರಕದ ವರ್ಣನೆಯಲ್ಲ. ಅದಕ್ಕೆ ಎರಡು ವರ್ಷ ಮುಂಚಿನ ಒಂದು ಸಂಗತಿ. ಏಡ್ಸ್ ಬಂದಿತ್ತು. ಸೂಜಿ ಹಂಚಿಕೊಂಡರೆ ಹರಡುತ್ತದೆ ಎನ್ನುವುದು ಗೊತ್ತಾಗಿತ್ತು. ಆಗ ಇಲ್ಲಿನ ಸರ್ಕಾರಿ ವೈದ್ಯಾಧಿಕಾರಿ 1985ರಲ್ಲಿ ಮಾಡಿದ್ದೇನು? ವ್ಯಸನಿಗಳಿಗೆ ಹೊಸ ಸಿರಿಂಜು ಕೊಡಕೂಡದು, ಕೊಟ್ಟ ಡಾಕ್ಟರ ಪರವಾನಗಿ ಹೋದೀತು ಎಂದು ಆಜ್ಞೆ. ಸೂಜಿ ಸಿಗದಿದ್ದರೆ ಚಟ ಬಿಡುತ್ತಾರೆ ಎಂಬ ಲೆಕ್ಕ. ಚಟ ಬಿಡಲಿಲ್ಲ, ಒಂದು ಸೂಜಿ ಹತ್ತು ತೋಳು ಸುತ್ತಿತು. ನೂರಾರು ಡಾಕ್ಟರುಗಳು, ನಾವು ಕೊಟ್ಟೇ ಕೊಡುತ್ತೇವೆ, ಏನು ಮಾಡುತ್ತೀರೋ ಮಾಡಿ ಎಂದು ಬಹಿರಂಗವಾಗಿ ಎದುರು ನಿಂತರು. ಮರುವರ್ಷ ಆಜ್ಞೆ ಹೋಯಿತು. 1988ರ ಕೊನೆಗೆ ಪೀಟರ್ ಗ್ರೋಬ್ ಎಂಬ ವೈದ್ಯರ ಮುಂದಾಳತ್ವದಲ್ಲಿ ಈ ಪಾರ್ಕಿನೊಳಗೇ ಒಂದು ತಂಡ ಕೂತಿತು. ಹಳೇ ಸಿರಿಂಜು ತನ್ನಿ, ಹೊಸದು ಒಯ್ಯಿರಿ. ಜೊತೆಗೆ ಹೆಪಟೈಟಿಸ್ ಬಿ ಲಸಿಕೆ, ಉಸಿರು ನಿಂತವರಿಗೆ ಉಸಿರು. ದಿನಕ್ಕೆ ಹತ್ತು ಸಾವಿರ ಸಿರಿಂಜು ದಾಟಿದ ದಿನಗಳೂ ಇದ್ದವು.

ಹತ್ತು ಸಾವಿರ! ನನ್ನ ಡಬ್ಬಿಯಲ್ಲಿದ್ದದ್ದು ಹದಿನೇಳು. ಮನೆ, ಮಾನ, ಹಲ್ಲು ಎಲ್ಲ ಕಳಕೊಂಡ ಒಬ್ಬ ಮನುಷ್ಯ ತನ್ನ ಹಳೇ ಸೂಜಿಯನ್ನು ಜೋಪಾನವಾಗಿ ಹಿಡಿದು ತಂದು ಸಾಲಲ್ಲಿ ನಿಲ್ಲುತ್ತಾನೆ, ಯಾಕೆಂದರೆ ಅದಕ್ಕೆ ಅಲ್ಲಿ ಬೆಲೆಯಿದೆ. ನಾನು? ಪಿಂಚಣಿ ಬರುವ, ಪೇಪರು ಓದುವ, ಕಸ ವಿಂಗಡಣೆಯ ಬಗ್ಗೆ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಮಾತಾಡಿದ ನಾನು ನನ್ನ ಸೂಜಿಗಳನ್ನು ಏನು ಮಾಡುತ್ತಿದ್ದೆ?

ಹಾಲಿನ ಪ್ಯಾಕೆಟ್ಟಿಗೆ ತುಂಬಿ, ಬಾಯಿ ಗಂಟು ಹಾಕಿ, ಒಣಕಸದ ಚೀಲಕ್ಕೆ ಎಸೆಯುತ್ತಿದ್ದೆ. ಪ್ಲಾಸ್ಟಿಕ್ಕು ತಾನೆ, ಒಣಕಸ ತಾನೆ. ಬೆಂಗಳೂರಲ್ಲಿ ಹಸಿಕಸಕ್ಕೆ ಹಸಿರು ಡಬ್ಬ, ಒಣಕಸಕ್ಕೆ ಚೀಲ, ನ್ಯಾಪ್ಕಿನ್ನು ಡಯಪರ್ರಿಗೆ ಕೆಂಪು ಡಬ್ಬ ಎಂದು ಬಂದಾಗ ಎಲ್ಲರಿಗಿಂತ ಮೊದಲು ಮೂರನ್ನೂ ಕೊಂಡವಳು ನಾನೇ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಮನೆಯಲ್ಲಿ ಬಳಸಿದ ಸೂಜಿ ಸಿರಿಂಜನ್ನು ಬಣ್ಣದ ಡಬ್ಬಿ, ಟ್ಯೂಬ್‌ಲೈಟು, ಒಡೆದ ಥರ್ಮಾಮೀಟರಿನ ಜೊತೆ 'ಮನೆಯ ಅಪಾಯಕಾರಿ ಕಸ' ಎಂದು ಬೇರೆಯಾಗಿ ಹೆಸರಿಸಿದ್ದರು, ಬೇರೆಯಾಗಿಯೇ ಕೊಡಬೇಕು ಎನ್ನುವುದನ್ನು ಓದಿದ್ದು ಮಾತ್ರ ಆಮೇಲೆ.

ಆಮೇಲೆ ಎಂದರೆ, ಆ ಮಂಗಳವಾರದ ಆಮೇಲೆ. ಕಸದ ಆಟೋದವಳು ನಮ್ಮ ಬೀದಿಗೆ ಒಂಬತ್ತು ವರ್ಷದಿಂದ ಬರುತ್ತಾಳೆ. ತೆಲುಗು ಬೆರೆತ ಕನ್ನಡ, ಕಿವಿಗೆ ಕಲ್ಲಿನ ಓಲೆ. ಗೇಟಿನ ಮುಂದೆಯೇ ಚೀಲ ಬಿಚ್ಚಿ ಬಾಟಲು ಒಂದು ಕಡೆ, ರಟ್ಟು ಒಂದು ಕಡೆ ಹಾಕುತ್ತಾಳೆ. ಅದನ್ನು ಮಾರಿದ ಕಾಸು ಅವಳದು. ಅವತ್ತು ಚೀಲದೊಳಗೆ ಕೈಯಿಟ್ಟವಳು "ಅಯ್ಯಮ್ಮ" ಎಂದು ಕೈ ಎಳೆದುಕೊಂಡಳು. ನೋಡಿದರೆ ಹೆಬ್ಬೆರಳಿನ ಪಕ್ಕ ಒಂದು ಸಣ್ಣ ಕೆಂಪು ಚುಕ್ಕೆ, ಸಾಸಿವೆಯಷ್ಟೂ ಇಲ್ಲ. ತಕ್ಷಣ ಬೆರಳನ್ನು ಬಾಯಿಗಿಟ್ಟು ಚೀಪಿದಳು. ಚೀಪಬಾರದು, ಹಿಂಡಬಾರದು, ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಬೇಕು ಎನ್ನುವುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾಲ್ಕು ಮಿಲಿಮೀಟರಿನ ಸೂಜಿ, ಹೊಟ್ಟೆಗೆ ಚುಚ್ಚಿದರೆ ಸೊಳ್ಳೆ ಕಡಿದಷ್ಟೂ ನೋಯುವುದಿಲ್ಲ ಎಂದು ಅಂಗಡಿಯವನು ಹೇಳಿ ಮಾರಿದ್ದು. ಹಾಲಿನ ಪ್ಯಾಕೆಟ್ಟು ಅದನ್ನು ತಡೆಯುವುದುಂಟೆ.

"ಪರವಾಗಿಲ್ಲ ಬಿಡಮ್ಮಾ, ಬ್ಲೇಡು, ಗಾಜು, ದಿನಾ ಆಗ್ತದೆ" ಅಂದಳು. ಆ 'ದಿನಾ' ನನ್ನ ಕಾಲಿನ ಬಲ ಕಿತ್ತಿತು. ಆಟೋ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಳೇ ವಯಸ್ಸಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಯಾರ ಸೂಜಿ?"

"ನಂದು."

"ಹಾಗಾದ್ರೆ ನೀವೂ ಬ್ಲಡ್ ಕೊಡಿ."

ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ಅರವತ್ತೆರಡನೇ ವಯಸ್ಸಿನಲ್ಲಿ ಆ ಮೂರು ಹೆಸರು ಬರೆದ ಚೀಟಿ ಹಿಡಿದು ಸಾಲಿನಲ್ಲಿ ನಿಂತಾಗ ಯಾರಾದರೂ ಗುರುತಿನವರು ಕಂಡಾರೆಂದು ಸೆರಗು ಎಳೆದುಕೊಂಡೆನಲ್ಲ, ಆ ಸಣ್ಣತನವನ್ನು ಇಲ್ಲಿ ಬರೆದೇ ಬಿಡುತ್ತೇನೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು ಕೂತೆವು. ಡಾಕ್ಟರು ಸಮಾಧಾನವಾಗಿ ಹೇಳಿದರು: ಸೋಂಕಿರುವವರ ರಕ್ತದ ಸೂಜಿ ಚುಚ್ಚಿದರೂ ಎಚ್‌ಐವಿ ಅಂಟುವುದು ಮುನ್ನೂರರಲ್ಲಿ ಒಬ್ಬರಿಗೆ, ಅದಕ್ಕೂ 72 ಗಂಟೆಯೊಳಗೆ ಶುರು ಮಾಡಿದರೆ ಮಾತ್ರೆಯಿದೆ. ಹೆದರಬೇಕಾದ್ದು ಹೆಪಟೈಟಿಸ್ ಬಿ ವೈರಸ್ಸಿಗೆ. ಅದು ದೇಹದ ಹೊರಗೆ, ಒಣಗಿದ ರಕ್ತದಲ್ಲಿ, ವಾರದವರೆಗೂ ಜೀವ ಹಿಡಿದಿರುತ್ತದೆ. ಅದಕ್ಕೆ ಲಸಿಕೆ ಇದೆ, ಮೂರು ಡೋಸು. ಆಕೆಗೆ ಒಂದೂ ಆಗಿರಲಿಲ್ಲ. ಹಗಲೆಲ್ಲ ಊರಿನ ಕಸದಲ್ಲಿ ಕೈಯಾಡಿಸುವವಳಿಗೆ! ನನ್ನ ವರದಿಯಲ್ಲಿ ಏನೂ ಇರಲಿಲ್ಲ. ಮೂರೂ ಡೋಸಿಗೆ ನಾನೇ ಜೊತೆಗೆ ಹೋದೆ. ಅದಕ್ಕೆ ನನ್ನನ್ನು ಯಾರೂ ಹೊಗಳಬೇಕಾಗಿಲ್ಲ.

ಚ್ಯವನಪ್ರಾಶದ ಡಬ್ಬಿ ಬಂದದ್ದು ಆಗ. ದಪ್ಪ ಪ್ಲಾಸ್ಟಿಕ್ಕು, ತಿರುಗಿಸುವ ಮುಚ್ಚಳ, ಸೂಜಿ ಹೊರಗೆ ಇಣುಕುವುದಿಲ್ಲ.

ಆ ಬೆಂಚಿನ ಮೇಲೆ ಕೂತು ಚಪಾತಿ ತಿನ್ನುತ್ತ ಮಗಳಿಗೆ ನಮ್ಮೂರಿನ ಕಾಂಪೌಂಡರ ಕಥೆ ಹೇಳಿದೆ. ನಾನು ಚಿಕ್ಕವಳಿದ್ದಾಗ ಇಂಜೆಕ್ಷನ್ನು ಎಂದರೆ ಒಂದು ಶಬ್ದ. ಸ್ಪಿರಿಟ್ ಸ್ಟವ್ವಿನ ಮೇಲೆ ಸ್ಟೀಲಿನ ಪೆಟ್ಟಿಗೆಯಲ್ಲಿ ಗಾಜಿನ ಸಿರಿಂಜು ಕುದಿಯುತ್ತ ಕಟಕಟ ಅನ್ನುವುದು. ಆ ಶಬ್ದಕ್ಕೇ ನಾವು ಅಳಲು ಶುರು ಮಾಡುತ್ತಿದ್ದೆವು. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜುತ್ತಿದ್ದರು. ಆಗ ಸೂಜಿ ಎಲ್ಲಿ ಎಸೆಯಬೇಕು ಎಂಬ ಪ್ರಶ್ನೆಯೇ ಇರಲಿಲ್ಲ, ಎಸೆಯುತ್ತಲೇ ಇರಲಿಲ್ಲವಲ್ಲ. ನೀರು ಸರಿಯಾಗಿ ಕುದಿಯದಿದ್ದರೆ ಒಬ್ಬರ ಕಾಯಿಲೆ ಇನ್ನೊಬ್ಬರಿಗೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಿರಿಂಜು ಬಂದಾಗ ಎಲ್ಲರೂ ಉಸಿರು ಬಿಟ್ಟರು. ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಕಡಿಮೆ. 2009ರಲ್ಲಿ ಗುಜರಾತಿನ ಮೊಡಾಸಾ ಊರಿನ ಸುತ್ತ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜುಗಳೇ ಮತ್ತೆ ತೋಳಿಗೇರಿದ್ದವು. ದಾಳಿ ಮಾಡಿದಾಗ ಗೋದಾಮುಗಳಲ್ಲಿ ಬಳಸಿದ ಸಿರಿಂಜುಗಳ ರಾಶಿ ಸಿಕ್ಕಿತು. ಅಲ್ಲೂ ಹಳೇ ಸೂಜಿಗೆ ಬೆಲೆಯಿತ್ತು, ಅದಕ್ಕೇ ಅದು ವಾಪಸು ಬಂತು. ಯಾರ ಕೈಗೆ ಬಂತು ಎನ್ನುವುದರಲ್ಲಿದೆ ವ್ಯತ್ಯಾಸ.

"ಅದಿರಲಿ, ನೀನು ಒಂದು ಸೂಜಿ ಎಷ್ಟು ಸಲ ಚುಚ್ಕೋತೀಯ?" ಮಗಳು ಕೇಳಿದಳು.

ದಿನಕ್ಕೆ ನಾಲ್ಕು ಸಲ ಚುಚ್ಚಬೇಕು, ನಾನು ಬಂದು ಹದಿನೇಳು ದಿನ, ಡಬ್ಬಿಯಲ್ಲಿ ಹದಿನೇಳು ಸೂಜಿ. ಅವಳಿಗೆ ಗಣಿತ ಬರುತ್ತದೆ. ಬೈಸಿಕೊಂಡೆ.

ಈ ಪಾರ್ಕಿಗೆ 1992ರ ಫೆಬ್ರುವರಿಯಲ್ಲಿ ಬೀಗ ಬಿತ್ತು. ಚಟ ಬೀಗಕ್ಕೆ ಕೇಳುತ್ತದೆಯೆ? ಜನ ಹೊಳೆಯ ಗುಂಟ ಕೂಗಳತೆ ದೂರದ ಲೆಟ್ಟನ್ ಎಂಬ ಪಾಳುಬಿದ್ದ ರೈಲು ನಿಲ್ದಾಣಕ್ಕೆ ಹೋದರು. 1995ರಲ್ಲಿ ಅಲ್ಲಿಂದಲೂ ಎಬ್ಬಿಸಿದರು. ಈ ಸಲ ಓಡಿಸುವ ಮುಂಚೆ ಹೋಗಲು ಜಾಗಗಳನ್ನು ಮಾಡಿಟ್ಟಿದ್ದರು. ದಾದಿಯರ ಕಣ್ಣೆದುರಿಗೆ, ಶುದ್ಧ ಸೂಜಿಯಲ್ಲಿ ಚುಚ್ಚಿಕೊಂಡು, ಅಲ್ಲೇ ಡಬ್ಬಿಗೆ ಹಾಕಿ ಹೋಗುವ ಕೋಣೆಗಳು. ತೀರಾ ಕೈಮೀರಿದವರಿಗೆ 1994ರಿಂದ ಡಾಕ್ಟರೇ ಹೆರಾಯಿನ್ ಬರೆದುಕೊಡುವ ವ್ಯವಸ್ಥೆ. ಇದನ್ನು ಕಾಯಂ ಮಾಡಬೇಕೆ ಎಂದು 2008ರಲ್ಲಿ ದೇಶದ ಜನರನ್ನೇ ಕೇಳಿದರು, ನೂರಕ್ಕೆ 68 ಮಂದಿ ಹೂಂ ಅಂದರು. ಸಂಜೆ ನಾವು ಲೆಟ್ಟನ್‌ವರೆಗೂ ನಡೆದೆವು. ಈಗ ಅಲ್ಲಿ ಈಜುವ ಕಟ್ಟೆ. ಹುಡುಗ ಹುಡುಗಿಯರು ಸೇತುವೆಯಿಂದ ಲಿಮ್ಮಾಟ್‌ಗೆ ಧುಮುಕಿ, ಪ್ರವಾಹದಲ್ಲಿ ತೇಲಿ, ಕೆಳಗೆ ಹತ್ತಿ ಬರಿಗಾಲಲ್ಲಿ ಓಡಿ ಬರುತ್ತಿದ್ದರು. ನನ್ನ ಕಣ್ಣು ಅವರ ಅಂಗಾಲಿನ ಮೇಲೇ.

ನನ್ನ ಹದಿನೇಳು ಸೂಜಿಗಳ ಪ್ರಶ್ನೆ ಹಾಗೇ ಉಳಿದಿತ್ತು. ಮರುದಿನ ಡಬ್ಬಿ ಹಿಡಿದು ಔಷಧಿ ಅಂಗಡಿಗೆ ಹೋದೆವು. ಅಂಗಡಿಯಾಕೆ ಮುಚ್ಚಳ ಅಲುಗಾಡಿಸಿ ನೋಡಿ, ಟೇಪು ಸುತ್ತಿ ಮನೆಯ ಕಸದ ಚೀಲಕ್ಕೇ ಹಾಕಬಹುದು, ಬೇಕಾದರೆ ಇಲ್ಲೇ ಬಿಡಿ ಎಂದಳಂತೆ. ಕಸದ ಚೀಲಕ್ಕೆ! ನಾನು ಮಗಳ ಕೈಯಲ್ಲಿ ಎರಡು ಸಲ ಕೇಳಿಸಿದೆ, ಜರ್ಮನ್ನಿನಲ್ಲಿ ಏನಾದರೂ ತಪ್ಪಿದೆಯೇನೋ ಎಂದು.

ತಪ್ಪಿರಲಿಲ್ಲ. ಆ ಊರಿನಲ್ಲಿ ಕಸ ಹಾಕಲು ನಗರಸಭೆಯ ಬಿಳಿ ಚೀಲವನ್ನೇ ಕೊಳ್ಳಬೇಕು, ಒಂದಕ್ಕೆ ಎರಡು ಫ್ರಾಂಕಿನ ಆಸುಪಾಸು. ಅದರ ಹೆಸರು 'ಜ್ಯೂರಿ ಸಾಕ್'. ನನ್ನ ಕಿವಿಗೆ 'ಜ್ಯೂರಿ ಸಾಕು' ಎಂದೇ ಬಿದ್ದು, ಅಷ್ಟು ದುಡ್ಡು ಕೊಟ್ಟು ಕಸ ಹಾಕುವವರು ಹಾಗನ್ನುವುದು ಸರಿಯೇ ಅನ್ನಿಸಿತ್ತು. ಕಾಗದವನ್ನು ಜನರೇ ದಾರ ಕಟ್ಟಿ ಇಡುತ್ತಾರೆ, ಬಾಟಲಿಯನ್ನು ತಾವೇ ಹೊತ್ತುಕೊಂಡು ಹೋಗಿ ತೊಟ್ಟಿಗೆ ಹಾಕುತ್ತಾರೆ. ಉಳಿದದ್ದು ಈ ಚೀಲ. ಇದನ್ನು ಯಾರೂ ಬಿಚ್ಚುವುದಿಲ್ಲ. ಲಾರಿ ನುಂಗುತ್ತದೆ, ಲಾರಿ ಒಯ್ದು ಕುಲುಮೆಗೆ ಸುರಿಯುತ್ತದೆ. ಉರಿಯುವ ಕಸವನ್ನು ನೆಲಕ್ಕೆ ತುಂಬುವುದನ್ನು ಆ ದೇಶದಲ್ಲಿ 2000ದಿಂದ ನಿಷೇಧಿಸಿದ್ದಾರೆ. ಸೂಜಿ ಮನೆಯಿಂದ ಬೆಂಕಿಯವರೆಗೆ ಹೋಗುವ ದಾರಿಯಲ್ಲಿ ಒಂದು ಬರಿಗೈಯೂ ಎದುರಾಗುವುದಿಲ್ಲ. ನಮ್ಮ ಸೂಜಿಗೆ ಎಷ್ಟು ಕೈ ಎಂದು ರಾತ್ರಿ ಮಲಗಿ ಎಣಿಸಿದೆ: ಆಟೋದವಳು, ಲಾರಿಗೆ ಏರಿಸುವವನು, ಒಣಕಸದ ಕೇಂದ್ರದಲ್ಲಿ ವಿಂಗಡಿಸುವ ಹೆಂಗಸರು, ಗುಜರಿಯವನು, ಪ್ಲಾಸ್ಟಿಕ್ಕು ತೊಳೆಯುವವರು. ಆಸ್ಪತ್ರೆಯ ಸೂಜಿಗಾದರೂ ಚುಚ್ಚಿದರೆ ತೂತಾಗದ ಬಿಳಿ ಡಬ್ಬಿ ಕಾನೂನಿನಲ್ಲಿದೆ, ಅದನ್ನು ಒಯ್ಯಲು ಬೇರೆ ವ್ಯಾನಿದೆ. ಅದೇ ಸೂಜಿ ಮನೆಗೆ ಬಂದರೆ ಹಾಲಿನ ಪ್ಯಾಕೆಟ್ಟು.

ಮಗಳ ಮನೆ ಇರುವುದು ಊರಿನ ಉತ್ತರಕ್ಕೆ, ಓರ್ಲಿಕೋನ್‌ನಲ್ಲಿ. ಬಾಲ್ಕನಿಯಿಂದ ಒಂದು ಎತ್ತರದ ಚಿಮಣಿ ಕಾಣುತ್ತದೆ, ಹಾಗನ್‌ಹೋಲ್ಟ್ಸ್ ಎಂಬ ಆ ಕಸದ ಕುಲುಮೆಯದ್ದೇ. ಹೊಗೆ ಎಂದರೆ ಚಳಿಗಾಲದ ಬಾಯಿಯ ಹಬೆಯಷ್ಟು. ಆ ಬೆಂಕಿಯ ಶಾಖವನ್ನು ಕೊಳವೆಯಲ್ಲಿ ಸುತ್ತಲಿನ ಮನೆಗಳಿಗೆ ಕಳಿಸುತ್ತಾರೆ. ಅಳಿಯ ಹೇಳಿದ, "ಅತ್ತೆ, ನೀವು ಸ್ನಾನ ಮಾಡೋ ಬಿಸಿನೀರು ಅಲ್ಲಿಂದಾನೇ." ನನಗೆ ಅಜ್ಜಿಯ ಮನೆಯ ಬಚ್ಚಲೊಲೆ ಕಣ್ಣಿಗೆ ಕಟ್ಟಿತು. ತೆಂಗಿನ ಮಟ್ಟೆ, ತರಗು, ಹರಕು ಕಾಗದ, ಸವೆದ ಪೊರಕೆ, ಮನೆಯ ಕಸವೆಲ್ಲ ಹಂಡೆಯಡಿಗೆ ಹೋಗಿ ಸುಡುಸುಡು ನೀರಾಗುತ್ತಿತ್ತು. ಬೆಳಿಗ್ಗೆ ಎದ್ದು ಬೂದಿ ಬಾಚುವಾಗ ಅಜ್ಜಿ ಕಡ್ಡಿಯಲ್ಲಿ ಕೆದಕಿ ಮೊಳೆ, ಪಿನ್ನು ಹೆಕ್ಕಿ ಬೇರೆ ಇಡುತ್ತಿದ್ದಳು, ಪಾತ್ರೆ ತಿಕ್ಕುವಾಗ ಕೈಗೆ ಚುಚ್ಚಬಾರದಲ್ಲ ಎಂದು. ಇಲ್ಲೂ ಬೂದಿಯಿಂದ ಲೋಹ ಹೆಕ್ಕುತ್ತಾರಂತೆ, ಯಂತ್ರ ಇಟ್ಟು.

ಹೊರಡುವ ದಿನದವರೆಗೆ ಸೂಜಿ ಇಪ್ಪತ್ತಾರಾಗಿತ್ತು. ಅಷ್ಟನ್ನೂ ಅಲ್ಲೇ ಅಂಗಡಿಯಲ್ಲಿ ಬಿಟ್ಟು ಬಂದೆ.

ಬೆಂಗಳೂರಿಗೆ ಬಂದ ಮೂರನೇ ದಿನ ಕಸದ ಆಟೋದ ಹಾಡು ಕೇಳಿಸಿತು. ಇಳಿದು ಹೋದೆ. ಅವಳಿಗೆಂದು ತಂದ ಚಾಕೊಲೇಟು ಕೊಟ್ಟೆ, ಎರಡನ್ನು ಸೆರಗಿಗೆ ಕಟ್ಟಿಕೊಂಡು ಒಂದನ್ನು ಬಾಯಿಗೆ ಹಾಕಿಕೊಂಡಳು.

"ಅಲ್ಲೂ ಹಿಂಗೇ ಗಾಡಿ ಬರ್ತದಾಮ್ಮಾ?"

"ಬರತ್ತೆ. ಆದ್ರೆ ಅಲ್ಲಿ ಚೀಲ ಯಾರೂ ಬಿಚ್ಚಲ್ಲ. ಕೈಯೇ ಹಾಕಲ್ಲ. ಹಾಗೇ ಬೆಂಕಿಗೆ."

ನಾನು ದೊಡ್ಡ ಸುದ್ದಿ ಹೇಳುವವಳ ಹಾಗೆ ಹೇಳಿದ್ದೆ. ಅವಳು ಚಾಕೊಲೇಟು ದವಡೆಯ ಒಂದು ಬದಿಗೆ ಸರಿಸಿ ಸ್ವಲ್ಪ ಹೊತ್ತು ಯೋಚಿಸಿದಳು.

"ಮತ್ತೆ ಬಾಟ್ಲು, ರಟ್ಟು?"

"ಅದನ್ನ ಜನ ತಾವೇ ತಗೊಂಡೋಗಿ ಹಾಕ್ತಾರೆ."

"ಹಂಗಾದ್ರೆ ಗಾಡಿಯವ್ರಿಗೆ ಏನೂ ಸಿಗಲ್ಲ."

ಅವರಿಗೆ ಒಳ್ಳೆ ಸಂಬಳ ಇರುತ್ತೆ ಎಂದು ಹೇಳಬೇಕೆಂದಿದ್ದೆ. ಅವಳ ಸಂಬಳದ ಬಗ್ಗೆ ನನಗೆ ಗೊತ್ತಿದ್ದದ್ದರಿಂದ ಸುಮ್ಮನಾದೆ. ಹೊಸ ಡಬ್ಬಿ ಇನ್ನೂ ತುಂಬಿರಲಿಲ್ಲ, ಪ್ರವಾಸಕ್ಕೆ ಮುಂಚಿನ ಹಳೆಯದು ಅಡುಗೆಮನೆಯ ಅಟ್ಟದ ಮೇಲಿತ್ತು, ಮುಚ್ಚಳದ ಸುತ್ತ ಟೇಪು, ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ 'ಸೂಜಿ' ಎಂದು ಬರೆದಿದ್ದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಪಕ್ಕದಲ್ಲಿ ಒಂದು ಸೂಜಿಯ ಚಿತ್ರವನ್ನೂ ಬಿಡಿಸಿದ್ದೆ, ಅದು ಸೌತೆಕಾಯಿಯ ಹಾಗೆ ಬಂದಿತ್ತು. ತಂದು ಕೊಟ್ಟೆ. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದಳು, ತೆಂಗಿನಕಾಯಿ ನೋಡುವವರ ಹಾಗೆ. ಒಳಗಿನದು ಗಲಗಲ ಅಂದಿತು. ಆಟೋದ ಹಿಂಬದಿಯ ಕೊಕ್ಕೆಗೆ ಒಂದು ಕೈಚೀಲ ನೇತುಹಾಕಿದ್ದಳು, ಬಾಟಲು ರಟ್ಟಿನದಲ್ಲ, ಬೇರೆಯದು. ಡಬ್ಬಿಯನ್ನು ಅದರೊಳಗೆ ಇಳಿಬಿಟ್ಟಾಗ ಇಣುಕಿ ನೋಡಿದೆ. ಒಳಗೆ ಇನ್ನೂ ಎರಡು ಡಬ್ಬಿಗಳಿದ್ದವು, ಒಂದು ಹಾರ್ಲಿಕ್ಸಿನದು, ಒಂದು ಫಿನಾಯಿಲಿನದು.

"ಅದ್ಯಾರದು?"

"ನಾಲ್ಕನೇ ಕ್ರಾಸ್ ತಾತಂದು. ಇನ್ನೊಂದು ಹಿಂದ್ಗಡೆ ಮನೇದು. ನಾನೇ ಕೇಳಿ ಇಸ್ಕೊಂತೀನಿ" ಅಂದು ಹಾಡು ಜೋರು ಮಾಡಿಸಿ ಮುಂದಿನ ಗೇಟಿಗೆ ಹೋದಳು.